ರಾತ್ರಿ 1.27ರ ತೀರ್ಥ

ಕಾವೇರಿ ಹುಟ್ಟುವ ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ, ಅಂದರೆ ಕೊಳದ ಪಕ್ಕದ ಪುಟ್ಟ ಕುಂಡಿಕೆಯಲ್ಲಿ ನೀರು ಉಕ್ಕುವ ಗಳಿಗೆಯನ್ನು ಪ್ರತಿವರ್ಷ ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಡುವ ಅಭ್ಯಾಸ ನನಗಿದೆ. ಕ್ರಿಕೆಟ್ ಹುಚ್ಚಿನವರಿಗೆ ಅಂಕಿ ಕಂಡರೆ ಸುಮ್ಮನಿರಲು ಆಗುವುದಿಲ್ಲ, ಅದು ರನ್ನೇ ಆಗಲಿ, ಮುಹೂರ್ತವೇ ಆಗಲಿ. 2020ರಲ್ಲಿ ಬೆಳಿಗ್ಗೆ 7.03. 2021ರಲ್ಲಿ ಮಧ್ಯಾಹ್ನ 1.11. 2022ರಲ್ಲಿ ಸಂಜೆ 7.21. 2023ರಲ್ಲಿ ರಾತ್ರಿ 1.27, ಅಂದರೆ ಅಕ್ಟೋಬರ್ 17 ಕಳೆದು 18 ಹುಟ್ಟಿದ ಮೇಲೆ. ಒಂದರ ಕೆಳಗೊಂದು ಬರೆದರೆ ಗುಟ್ಟು ತಾನಾಗಿ ಬಯಲಾಗುತ್ತದೆ. ತೀರ್ಥ ಬರುವುದು ಸೂರ್ಯ ತುಲಾ ರಾಶಿಗೆ ಕಾಲಿಡುವ ಸಂಕ್ರಮಣದ ಗಳಿಗೆಯಲ್ಲಿ, ಆ ಹೊತ್ತು ವರ್ಷವರ್ಷವೂ ಸುಮಾರು ಆರು ಗಂಟೆ ಒಂಬತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ. ನಕ್ಷತ್ರಗಳ ಲೆಕ್ಕದ ವರ್ಷ 365 ದಿನಕ್ಕಿಂತ ಅಷ್ಟು ಉದ್ದ. ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ 29 ಆ ಬಾಕಿಯನ್ನು ಹೆಚ್ಚುಕಡಿಮೆ ತೀರಿಸುತ್ತದೆ, ಅರ್ಧ ಗಂಟೆಯ ಚಿಲ್ಲರೆ ಮಾತ್ರ ಉಳಿಯುತ್ತದೆ.

ಹಾಗಾಗಿ ಈಗಿನ ಲೆಕ್ಕದಲ್ಲಿ ಏಕದಿನ ವಿಶ್ವಕಪ್ ನಡೆಯುವ ವರ್ಷಗಳಲ್ಲೇ ಕಾವೇರಮ್ಮ ನಡುರಾತ್ರಿ ಬರುತ್ತಾಳೆ. 2019ರಲ್ಲಿ ಒಂದು ಗಂಟೆಗೆ ಸ್ವಲ್ಪ ಮೊದಲು ಬಂದಿದ್ದಳು. ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾದಲ್ಲಿ ಕಪ್ ನಡೆಯುವ 2027ಕ್ಕೂ ನಡುರಾತ್ರಿ ಕಳೆದ ಮೇಲೆಯೇ ಆಗಬೇಕು.

2023ರಲ್ಲಿ ಇದನ್ನು ಹೇಳಿದ್ದೇ ತಡ, ಬಾವ ಶಕುನ ಅಂತ ಹಿಡಿದುಕೊಂಡರು. ಅವರೂ ಅಕ್ಕನೂ ಮಕ್ಕಳೂ ಹಬ್ಬಕ್ಕೆಂದು ಮೈಸೂರಿನಿಂದ ನಮ್ಮ ಕುಶಾಲನಗರದ ಮನೆಗೆ ಬಂದಿದ್ದರು. ಭಾರತ ಅಷ್ಟರಲ್ಲಿ ಆಸ್ಟ್ರೇಲಿಯಾ, ಅಫ್ಗಾನಿಸ್ತಾನ, ಪಾಕಿಸ್ತಾನ ಮೂರನ್ನೂ ಸೋಲಿಸಿತ್ತು. ಬಾವನ ನೀಲಿ ಜೆರ್ಸಿ ಮೊದಲ ಪಂದ್ಯದಿಂದ ನೀರು ಕಂಡಿರಲಿಲ್ಲ. ಒಗೆದರೆ ಗೆಲುವೂ ತೊಳೆದುಹೋಗುತ್ತದೆ ಎಂಬ ಭಯ. ಅದನ್ನೇ ತೊಟ್ಟು ಕುಂಡಿಕೆಯ ಮುಂದೆ ನಿಂತು ಕಪ್ಪಿಗೆ ಹರಕೆ ಹೊತ್ತುಕೊಳ್ಳುವುದು ಅವರ ಯೋಜನೆ.

ಅಮ್ಮ ಚಕ್ಕುಲಿ ಡಬ್ಬಿ ಮುಚ್ಚುತ್ತಾ ಹೇಳಿದಳು, "ಅಳಿಯಂದಿರೇ, ಹರಕೆಗೆ ಬೇರೆ ದೇವರಿದ್ದಾರೆ. ಅಲ್ಲಿ ಕೇಳ್ಕೊಳ್ಳೋಕೆ ಹೋಗೋದಲ್ಲ, ಅವಳನ್ನ ಕರ್ಕೊಂಡು ಬರೋಕೆ ಹೋಗೋದು."

ಬಾವ ನಕ್ಕರು. ನಾನೂ ನಕ್ಕೆ. ಆದರೆ ದಾರಿಯುದ್ದಕ್ಕೂ ಆ ಮಾತು ಬಿಡಲಿಲ್ಲ. ಅಭಿಮಾನಿಗಳಾದ ನಾವು ಮಾಡುವುದೆಲ್ಲ ವ್ಯಾಪಾರವೇ ಅಲ್ಲವೇ? ಜೊತೆಯಾಟ ಮುರಿಯದಿರಲಿ ಎಂದು ಕುರ್ಚಿ ಬಿಟ್ಟು ಏಳದಿರುವುದು, ಕೊನೆಯ ಓವರಿಗೆ ಟಿವಿ ಬಿಟ್ಟು ಹೊರಗೆ ಹೋಗುವುದು, ಗೆದ್ದರೆ ಇಂಥ ದೇವರಿಗೆ ಇಷ್ಟು ಕಾಯಿ ಎನ್ನುವುದು. ನಾನು ಇಷ್ಟು ಕೊಟ್ಟೆ, ನೀನು ಅಷ್ಟು ಕೊಡು. ಇದರಲ್ಲಿ ಭಕ್ತಿ ಇಲ್ಲವೆಂದಲ್ಲ, ಆದರೆ ಭಕ್ತಿಗಿಂತ ಚೌಕಾಸಿ ಜಾಸ್ತಿ.

ನಾವು ಹೊರಟಾಗ ಏಳು ಗಂಟೆ ದಾಟಿತ್ತು. ಆವತ್ತು ಧರ್ಮಶಾಲಾದಲ್ಲಿ ನೆದರ್ಲೆಂಡ್ಸ್ ಮತ್ತು ದಕ್ಷಿಣ ಆಫ್ರಿಕಾ ಆಟ. ಮಳೆಯಿಂದ ತಲಾ 43 ಓವರಿಗೆ ಇಳಿಸಿದ್ದರು. 140ಕ್ಕೆ ಏಳು ವಿಕೆಟ್ ಹೋಗಿದ್ದ ಡಚ್ಚರನ್ನು ನಾಯಕ ಸ್ಕಾಟ್ ಎಡ್ವರ್ಡ್ಸ್ ಔಟಾಗದೆ 78 ಹೊಡೆದು 245ಕ್ಕೆ ಮುಟ್ಟಿಸಿದ್ದ. ಈ ತಂಡದ ಮೇಲೆ ನನಗೆ ಮೊದಲೇ ಪ್ರೀತಿ. ಕಪ್ಪಿಗೆ ಮುಂಚೆ ನಮ್ಮ ಬೆಂಗಳೂರಿನ ಹೊರಗಿನ ಆಲೂರಿನಲ್ಲಿ ಶಿಬಿರ ಹಾಕಿಕೊಂಡು, ನೆಟ್ಸ್‌ನಲ್ಲಿ ಬೌಲ್ ಮಾಡಲು ಹುಡುಗರು ಬೇಕೆಂದು ಜಾಹೀರಾತು ಕೊಟ್ಟಿದ್ದವರು.

ಸುಂಟಿಕೊಪ್ಪ ದಾಟಿ ಘಾಟಿ ಹತ್ತುವಾಗ ಮುಂದಿನ ಸೀಟಿನಲ್ಲಿ ಬಾವನ ಮೊಬೈಲು, ಹಿಂದೆ ಅಮ್ಮನ ಲಲಿತಾ ಸಹಸ್ರನಾಮ. 36ಕ್ಕೆ ಒಂದೂ ಹೋಗಿರದ ದಕ್ಷಿಣ ಆಫ್ರಿಕಾ ನೋಡನೋಡುತ್ತ 44ಕ್ಕೆ ನಾಲ್ಕಾಯಿತು. ಬಾವ "ಅಯ್ಯೋ" ಎಂದಾಗಲೆಲ್ಲ ಅಮ್ಮ ಒಂದು ನಾಮ ಮರೆತು ಹಿಂದಿನಿಂದ ಮತ್ತೆ ಹಿಡಿಯುತ್ತಿದ್ದಳು. ಮಡಿಕೇರಿಯಲ್ಲಿ ನವರಾತ್ರಿಯ ದೀಪಗಳು, ಕರಗಗಳು ಹೊರಟಿರುವ ದಿನಗಳು, ಕಾರು ಆಮೆಯಂತೆ ತೆವಳಿತು. ಬೆಟ್ಟಗೇರಿ ಕಳೆಯುತ್ತಲೇ ನೆಟ್‌ವರ್ಕ್ ಕೈಕೊಟ್ಟಿತು. ಚೇರಂಬಾಣೆ, ಚೆಟ್ಟಿಮಾನಿ, ಕತ್ತಲು, ಕಾಫಿ ತೋಟ, ತಿರುವಿನಲ್ಲಿ ಎದುರಾಗುವ ಹೆಡ್‌ಲೈಟು. ಸಹಸ್ರನಾಮ ಒಂದೇ ಓಟದಲ್ಲಿ ಮುಗಿಯಿತು.

ಭಾಗಮಂಡಲಕ್ಕೆ ಬಂದರೆ ಅದೊಂದು ಜಾತ್ರೆಯೇ. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಗುಪ್ತಗಾಮಿನಿ. ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈ ಮುಗಿದು ಮೇಲೆ ಹೋಗುವುದು ಕ್ರಮ. ಆ ವರ್ಷ ಮಳೆ ಕೈಕೊಟ್ಟು ಸಂಗಮದ ನೀರೂ ಸೊರಗಿತ್ತು. ಮೂರು ವಾರ ಹಿಂದಷ್ಟೇ ಇದೇ ನೀರಿಗಾಗಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ಆಗಿದ್ದವು. ಮಂಡಿಯುದ್ದದ ನೀರಿನಲ್ಲಿ ಕೂತು ತಲೆಗೆ ಚೊಂಬಿನಿಂದ ಹುಯ್ದುಕೊಳ್ಳುವಾಗ ನನಗೆ ನೆನಪಾದದ್ದು, ನಾಚಿಕೆಯಿಲ್ಲದೆ ಹೇಳುತ್ತೇನೆ, 2018ರ ಐಪಿಎಲ್. ಸುಪ್ರೀಂ ಕೋರ್ಟು ತಮಿಳುನಾಡಿಗೆ 177.25 ಟಿಎಂಸಿ ಎಂದು ತೀರ್ಪು ಕೊಟ್ಟ ವರ್ಷ ಅದು. ಏಪ್ರಿಲ್‌ನಲ್ಲಿ ಚೆಪಾಕ್ ಮೈದಾನದೊಳಕ್ಕೆ ಕಾವೇರಿಯ ಹೆಸರಿನಲ್ಲಿ ಚಪ್ಪಲಿ ತೂರಿಬಂದು, ಚೆನ್ನೈ ತಂಡದ ಉಳಿದ ತವರು ಪಂದ್ಯಗಳೆಲ್ಲ ಪುಣೆಗೆ ಹೋದವು. ಆವತ್ತು ಎದುರಾಳಿ ಕೋಲ್ಕತ್ತಾ ತಂಡದಲ್ಲಿ ಆಡುತ್ತಿದ್ದವನು ಕೊಡಗಿನ ರಾಬಿನ್ ಉತ್ತಪ್ಪ. 2021ರ ಅಕ್ಟೋಬರ್ 15ರಂದು, ಸಂಕ್ರಮಣಕ್ಕೆ ಎರಡೇ ದಿನ ಮುಂಚೆ, ಅದೇ ಉತ್ತಪ್ಪ ಹಳದಿ ಜೆರ್ಸಿ ತೊಟ್ಟು 15 ಎಸೆತದಲ್ಲಿ 31 ಹೊಡೆದು ಚೆನ್ನೈಗೆ ಕಪ್ ಗೆಲ್ಲಿಸಿದವರಲ್ಲಿ ಒಬ್ಬನಾದ. ಕಾವೇರಿ ಹುಟ್ಟಿದ ನಾಡಿನವನು ಚೆನ್ನೈಗೆ ಆಡಿದಾಗ ಅಲ್ಲಿ ಯಾರೂ ಟಿಎಂಸಿ ಲೆಕ್ಕ ಕೇಳಲಿಲ್ಲ.

ಕೊಡಗು ಹಾಗೆ ನೋಡಿದರೆ ಹಾಕಿಯ ನಾಡು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ 360 ಮನೆತನಗಳ ತಂಡಗಳು ಬಂದವು. ನಮ್ಮ ಪಕ್ಕದ ಮನೆಯ ಅಂಕಲ್‌ಗೆ ಕ್ರಿಕೆಟ್ ಎಂದರೆ ಕೂತು ತೂಕಡಿಸುವವರ ಆಟ. ಇರಲಿ. ಕಾಯುವುದನ್ನು ಕಲಿಸಿದ್ದು ನನಗೆ ಆ ತೂಕಡಿಕೆಯ ಆಟವೇ.

ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿಲೋಮೀಟರು. ಜಾತ್ರೆಯ ರಾತ್ರಿ ನಮ್ಮ ಕಾರಿಗೆ ಅಲ್ಲೇ ಕೊನೆ, ಮುಂದಕ್ಕೆ ಬಸ್ಸು. ಸಾಂಪ್ರದಾಯಿಕ ಉಡುಪಿನ ಕೊಡವರು ದುಡಿ ಬಾರಿಸುತ್ತ, ಹಾಡುತ್ತ ನಡೆದೇ ಹತ್ತುತ್ತಿದ್ದರು. ಬಸ್ಸಿನ ಕ್ಯೂನಲ್ಲಿ ನಮ್ಮ ಮುಂದಿದ್ದ ಹುಡುಗ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಹೇಗೋ ಒಂದು ಗೀಟು ಸಿಗ್ನಲ್ ಸಂಪಾದಿಸಿದ. "ಸೌತ್ ಆಫ್ರಿಕಾ ಸೋತೇ ಹೋಯ್ತು! 207!" ಗುರುತಿಲ್ಲದ ನಾಲ್ಕೈದು ಮಂದಿ ಒಟ್ಟಿಗೆ ಕೂಗಿದೆವು. ಎರಡು ಸಾಲು ಮುಂದೆ ನಿಂತಿದ್ದ ಅಜ್ಜಿಯೊಬ್ಬರು ತೀರ್ಥ ಬಂತೇನೋ ಎಂದು ಗಾಬರಿಯಾಗಿ ಕೈ ಮುಗಿದರು.

ಮೇಲೆ ಹನ್ನೆರಡರ ಚಳಿ. ಮಂಜು ದೀಪಗಳನ್ನೇ ನುಂಗುವಷ್ಟಿತ್ತು. ಬ್ರಹ್ಮಗಿರಿಯ ಆ ಇಳಿಜಾರು ನೋಡಿದರೆ ಯಾರಿಗಾದರೂ 2020ರ ಆಗಸ್ಟ್ ನೆನಪಾಗದಿರದು. ಬೆಟ್ಟ ಜರಿದು, ಇದೇ ಕ್ಷೇತ್ರದ ಪೂಜೆಗೆ ಬದುಕು ಕೊಟ್ಟಿದ್ದ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಎರಡು ತಿಂಗಳಿಗೆ ಸಂಕ್ರಮಣ. ಕೋವಿಡ್ ಬೇರೆ, ಜನರನ್ನು ಹೆಚ್ಚು ಬಿಡಲಿಲ್ಲ. ನನ್ನ ಡೈರಿಯಲ್ಲಿರುವ ಆ 7.03 ಅಂಥ ಬೆಳಗಿನದು. ತಾಯಿ ಎಂದು ಕರೆಯುತ್ತೇವೆ, ತಾಯಿಯ ಮನೆಯಲ್ಲೇ ಇದಾಯಿತಲ್ಲ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಗೆದ್ದದ್ದಕ್ಕೆ ದೇವರ ಕೃಪೆ ಎಂದು ಸುಲಭವಾಗಿ ಹೇಳುವವರನ್ನು ಕಂಡರೆ ಆಮೇಲಿನಿಂದ ನಾನು ಸ್ವಲ್ಪ ದೂರ.

ಒಂದು ಗಂಟೆಯ ಹೊತ್ತಿಗೆ ಕೊಳದ ಸುತ್ತ ನಿಲ್ಲಲು ಜಾಗವಿಲ್ಲ. ಬ್ರಹ್ಮಕುಂಡಿಕೆ ಎಂದರೆ ದೊಡ್ಡ ಕೊಳದ ಪಕ್ಕದ ಒಂದು ಪುಟ್ಟ ಚೌಕ, ಅಷ್ಟೇ. ಅದರ ಸುತ್ತ ಅರ್ಚಕರು, ಮಂತ್ರ, ಕುಂಕುಮಾರ್ಚನೆ. ಇದು ಆ ರಾತ್ರಿ ದಿಢೀರನೆ ಶುರುವಾದದ್ದಲ್ಲ. ಭಾಗಮಂಡಲದಲ್ಲಿ ಪತ್ತಾಯಕ್ಕೆ, ಅಂದರೆ ಕಣಜಕ್ಕೆ ಅಕ್ಕಿ ಹಾಕುವುದು, ಆಜ್ಞಾ ಮುಹೂರ್ತ, ಅಕ್ಷಯ ಪಾತ್ರೆ ಇಡುವುದು, ಕಾಣಿಕೆ ಡಬ್ಬಿ ಇಡುವುದು, ವಾರಗಳ ಹಿಂದಿನಿಂದ ಒಂದೊಂದಕ್ಕೂ ಲಗ್ನ ನೋಡಿ ನಡೆದುಬಂದಿರುತ್ತದೆ. ನಾವು ನೋಡಲು ಬರುವುದು ಕೊನೆಯ ಒಂದು ನಿಮಿಷವನ್ನು.

ಆ ನಿಮಿಷವೂ ನನಗೆ ಕಾಣಲಿಲ್ಲ. ಮುಂದೆ ಒಬ್ಬರ ಬೆನ್ನು, ಅವರ ಮುಂದೆ ಇನ್ನೊಬ್ಬರದು. "ಉಕ್ಕಿ ಬಾ ಕಾವೇರಮ್ಮಾ" ಎಂಬ ಕೂಗು ಏರುತ್ತ ಏರುತ್ತ ಒಮ್ಮೆಲೇ ಬೇರೆಯದೇ ದನಿಯಾಯಿತು. ಆಯಿತು ಎಂದು ತಿಳಿದದ್ದು ಅದರಿಂದ. ಅರ್ಚಕರು ಎರಚಿದ ನೀರಿನ ಹನಿಗಳು ನಮ್ಮವರೆಗೂ ಬಂದವು. ನನ್ನ ಕನ್ನಡಕದ ಮೇಲೆ ಎರಡು.

ಬಾವ ಜೆರ್ಸಿಯ ಮೇಲೆ ಕೈ ಮುಗಿದು ಕಣ್ಣು ಮುಚ್ಚಿದ್ದರು. ಕೇಳಿಕೊಂಡರೋ ಇಲ್ಲವೋ, ಆಗ ಕೇಳಲು ಹೋಗಲಿಲ್ಲ. ನಾನಂತೂ ಏನಾದರೂ ಕೇಳಿಕೊಳ್ಳೋಣವೆಂದು ಬಾಯಿ ತೆರೆದೆ, ಒಂದೂ ನೆನಪಿಗೆ ಬರಲಿಲ್ಲ. ನೂಕುನುಗ್ಗಲಿನಲ್ಲಿ ಅಮ್ಮನ ಕೈ ಬಿಡಬಾರದು ಎಂಬುದೊಂದೇ ತಲೆಯಲ್ಲಿ.

"ಉಕ್ಕಿದ್ದು ನಿಜವಾಗ್ಲೂ ಕಾಣ್ತಾ?" ಎಂದು ಆಮೇಲೆ ಬಹಳ ಜನ ಕೇಳಿದರು. ಪ್ರತಿವರ್ಷ ಟಿವಿ ನೋಡಿಯೂ ಕೇಳುತ್ತಾರೆ, ನಿಧಾನಗತಿಯಲ್ಲಿ ತೋರಿಸಿ ಎನ್ನುವವರೂ ಉಂಟು. ಕ್ರಿಕೆಟ್ಟಿನವರಿಗೆ ಈ ರೋಗ ಹೊಸದಲ್ಲ. ನಮ್ಮಲ್ಲಿ ಎಷ್ಟು ಕ್ಯಾಮೆರಾ, ಬ್ಯಾಟಿಗೆ ಚೆಂಡು ತಾಗಿದ ಸದ್ದು ಹಿಡಿಯುವ ಅಲ್ಟ್ರಾಎಡ್ಜ್, ಚೆಂಡಿನ ಜಾಡು ತೋರಿಸುವ ಯಂತ್ರ. ಅಷ್ಟೆಲ್ಲ ಇದ್ದೂ ಚೆಂಡು ವಿಕೆಟ್ಟಿನ ಅಂಚನ್ನು ಸವರುವಂತಿದ್ದರೆ ತೀರ್ಪು ಕೊನೆಗೆ ಮೈದಾನದಲ್ಲಿ ನಿಂತ ಅಂಪೈರ್ ಮಾತಿಗೇ ಹಿಂತಿರುಗುತ್ತದೆ. ಚಳಿಯಲ್ಲಿ ರಾತ್ರಿಯಿಡೀ ನಿಂತ ಆ ಅಜ್ಜಿಗೆ ಕಂಡಿದ್ದರೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು. ಗುಳ್ಳೆಗಳನ್ನು ಎಣಿಸಲು ನಾನು ಅಷ್ಟು ದೂರ ಹೋಗಿರಲಿಲ್ಲ.

ತುಂಬಿಸಿಕೊಳ್ಳುವುದೇ ದೊಡ್ಡ ಯುದ್ಧ. ಬಿಂದಿಗೆ, ಕ್ಯಾನು, ತಂಪು ಪಾನೀಯದ ಬಾಟಲಿ, ಎಲ್ಲ ಒಟ್ಟಿಗೆ ನೀರಿಗೆ ಬೀಳುತ್ತವೆ. ಪ್ಲಾಸ್ಟಿಕ್ ಬಾಟಲಿಗಳನ್ನು ಅಲ್ಲೇ ಎಸೆದು ಬರುವವರ ಬಗ್ಗೆ ಬರೆದರೆ ಈ ಬರಹ ಬೈಗುಳವಾದೀತು, ಬಿಡುತ್ತೇನೆ. ಅಮ್ಮ ತಂದಿದ್ದು ಹಿತ್ತಾಳೆಯ ಚೊಂಬು, ಬಾಯಿಗೆ ಕಟ್ಟಲು ಬಟ್ಟೆ. ಅಗಸ್ತ್ಯರು ಲೋಪಾಮುದ್ರೆಯನ್ನು ಕಮಂಡಲುವಿನಲ್ಲಿಟ್ಟು ಸ್ನಾನಕ್ಕೆ ಹೋದಾಗ ಅವಳು ಉಕ್ಕಿ ಹರಿದುಹೋದಳೆಂಬ ಕಥೆಯನ್ನು ನಾನು ಅಕ್ಕನ ಮಕ್ಕಳಿಗೆ ಬಸ್ಸಿನಲ್ಲಿ ಹೇಳಿದೆ. ಚಿಕ್ಕವನು ಚೊಂಬಿನ ಮೇಲೆ ಕೈ ಒತ್ತಿ ಹಿಡಿದು ನಿದ್ದೆ ಹೋದ.

ಮರುದಿನ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಕಣಿ ಪೂಜೆ. ಸೌತೆಕಾಯಿಗೆ ಕೆಂಪು ರೇಷ್ಮೆ ಬಟ್ಟೆ ಸುತ್ತಿ, ಬಳೆ, ಕರಿಮಣಿ, ಹೂ ಇಟ್ಟು ಕಾವೇರಮ್ಮನೆಂದು ಮಾಡಿ, ಮನೆಯವರೆಲ್ಲ ಅಕ್ಕಿ ಹಾಕಿ ನಮಸ್ಕರಿಸುತ್ತಾರೆ. ನಮ್ಮದು ಕೊಡವರ ಮನೆಯಲ್ಲ, ಆದರೂ ಅಮ್ಮ ಆ ಮನೆಯ ಆಂಟಿಯಿಂದ ಕಲಿತು ನಮ್ಮಲ್ಲೂ ಇಡುತ್ತಾಳೆ. ತಿನ್ನಲು ದೋಸೆ, ಕುಂಬಳಕಾಯಿ ಕರಿ. ಆಂಟಿಗೆ ಆ ವರ್ಷ ಕಾಲುನೋವು, ಬೆಟ್ಟಕ್ಕೆ ಬಂದಿರಲಿಲ್ಲ. ಅಮ್ಮ ಚೊಂಬಿನಿಂದ ಅವರಿಗೆ ಬಗ್ಗಿಸಿ ಕೊಟ್ಟಳು. ಅರ್ಧ ಕುಡಿದು, ಅರ್ಧ ಪುಟ್ಟ ಸೀಸೆಗೆ ಹಾಕಿ ದೇವರ ಮನೆಯಲ್ಲಿಟ್ಟರು. ಮನೆಯಲ್ಲಿ ಯಾರಿಗಾದರೂ ಕೊನೆಯ ಗಳಿಗೆ ಬಂದರೆ ಬಾಯಿಗೆ ಬಿಡಲು ಅದು ಬೇಕು.

ಬಾವನ ಕಪ್ಪಿನ ಕಥೆ ಎಲ್ಲರಿಗೂ ಗೊತ್ತು. ನವೆಂಬರ್ 19, ಅಹಮದಾಬಾದ್, ಭಾರತ 240, ಆಸ್ಟ್ರೇಲಿಯಾ ಆರು ವಿಕೆಟ್ ಗೆಲುವು. ಆ ರಾತ್ರಿ ಫೋನು ಮಾಡಿ ನಾನೇ ಕೇಳಿದೆ, ಹರಕೆ ಹೊತ್ತಿದ್ದಿರಾ ಅಂತ. "ಇಲ್ಲ ಕಣಮ್ಮ, ನಿಮ್ಮಮ್ಮ ಪಕ್ಕದಲ್ಲೇ ಇದ್ರಲ್ಲ, ಧೈರ್ಯ ಬರಲಿಲ್ಲ" ಎಂದರು. ಜೆರ್ಸಿ ಒಗೆಯಲು ಹಾಕಿದ್ದೇವೆ ಎಂದು ಹಿಂದಿನಿಂದ ಅಕ್ಕನ ದನಿ.

ಅವರು ಮೈಸೂರಿಗೆ ಕೊಂಡೊಯ್ದಿದ್ದ ತೀರ್ಥದಲ್ಲಿ ಒಂದು ಪಾಲು ಅವರ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗೆ ಹೋಗಿತ್ತು. ಆ ಮನೆಯವರು ಮಯಿಲಾಡುತುರೈ ಕಡೆಯವರು, ಚೆನ್ನೈ ತಂಡದ ಕಟ್ಟಾ ಅಭಿಮಾನಿ. ಆರ್‌ಸಿಬಿಯ ಬಾವನಿಗೂ ಅವರಿಗೂ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಜಗಳ. ನಮ್ಮ ತುಲಾ ಮಾಸ ಅವರಿಗೆ ಐಪ್ಪಸಿ. ಆ ತಿಂಗಳಿಡೀ ಅವರ ಊರಿನ ಘಟ್ಟದಲ್ಲಿ ಕಾವೇರಿ ಸ್ನಾನಕ್ಕೆ ಜನ. ಬಾವ ಬಾಟಲಿ ಕೊಟ್ಟಾಗ ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, "ಇದು 177ರಲ್ಲಿ ಸೇರಿದ್ದಾ ಸಾರ್, ಎಕ್ಸ್‌ಟ್ರಾನಾ?" ಎಂದರಂತೆ.

"ಎಕ್ಸ್‌ಟ್ರಾ. ಲೆಗ್ ಬೈ ಅಂತ ಬರ್ಕೊಳ್ಳಿ" ಎಂದರಂತೆ ಬಾವ.

ಆ ಶನಿವಾರ ಅವರು ಊರಿಗೆ ಹೊರಟಾಗ ಬಾಟಲಿಯನ್ನು ತಾಯಿಗೆಂದು ಬ್ಯಾಗಿನಲ್ಲಿಟ್ಟುಕೊಂಡಿದ್ದರು. ಅಷ್ಟು ಸಣ್ಣ ಬಾಟಲಿಯಲ್ಲಿ ಕೊಟ್ಟಿರಲ್ಲ ಎಂದು ಅಮ್ಮ ಈಗಲೂ ಬಾವನನ್ನು ಆಡಿಕೊಳ್ಳುತ್ತಾಳೆ.