ಪಾಲೆ ಮರದ ಬುಡದಲ್ಲಿ ನೆನಪಾದ ಒರಾಂಗುಟಾನ್

2024ರ ಆಟಿ ಅಮಾವಾಸ್ಯೆ ಭಾನುವಾರ ಬಂದಿತ್ತು. ನಮ್ಮ ತುಳುನಾಡಿನಲ್ಲಿ ಆ ದಿನ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ರೂಢಿ. ಶನಿವಾರವೇ ಮಗಳನ್ನು ಕರೆದುಕೊಂಡು ಮಂಗಳೂರಿನಿಂದ ಹಿರಿಯಡ್ಕದ ಅಮ್ಮನ ಮನೆಗೆ ಹೋದೆ. ಅವಳಿಗೆ ಆಗ ಎಂಟು ವರ್ಷ. ಸಂಜೆ ಮಳೆ ಸ್ವಲ್ಪ ಬಿಟ್ಟಾಗ ಅಮ್ಮ ಅವಳ ಕೈ ಹಿಡಿದು ಗುಡ್ಡಕ್ಕೆ ಹೊರಟರು, ಹಿಂದೆ ನಾನು. ಮರುದಿನ ಕತ್ತಲಲ್ಲೇ ತೊಗಟೆ ತೆಗೆಯಬೇಕಲ್ಲ, ಹಾಗಾಗಿ ಪಾಲೆ ಮರವನ್ನು ಬೆಳಕಿರುವಾಗಲೇ ಗುರುತು ಮಾಡಿಡಬೇಕು.

"ಒಂದು ಗೊಂಚಲಲ್ಲಿ ಎಷ್ಟು ಎಲೆ ಉಂಟು, ಲೆಕ್ಕ ಮಾಡು ಮಗಾ."

"ಏಳು."

"ಈಗ ಆಚೆ ಮರ ನೋಡು. ಅದು ಕಾಸರಕ. ಎಲೆ ಎರಡೆರಡೇ, ಎದುರುಬದುರು. ಅದರ ತೊಗಟೆ ವಿಷ. ಕತ್ತಲಲ್ಲಿ ಗುರುತು ತಪ್ಪಿದರೆ ಜೀವವೇ ಹೋಗ್ತದೆ."

ಪಾಲೆಯ ಬುಡಕ್ಕೆ ಒಂದು ದಾರ ಕಟ್ಟಿ ಬಂದೆವು.

ಬೆಳಿಗ್ಗೆ ಐದು ಗಂಟೆಗೆ ಜಿಟಿಜಿಟಿ ಮಳೆ. ಕಬ್ಬಿಣ ತಾಗಿಸಬಾರದು ಅಂತ ಅಮ್ಮ ಚೂಪಾದ ಬೆಣಚುಕಲ್ಲಿನಿಂದಲೇ ಜಜ್ಜಿದರು. ತೊಗಟೆ ಬಿರಿದ ಕಡೆ ಬೆಳ್ಳಗೆ ಹಾಲು ಒಸರಿತು. ನಾನು ಟಾರ್ಚ್ ಹಿಡಿದಿದ್ದೆ. ಮಗಳು ಅಜ್ಜಿಯ ಕೈಗೆ ಮುಖ ತಾಗಿಸುವಷ್ಟು ಹತ್ತಿರ ಬಗ್ಗಿದ್ದಳು. ತೊಗಟೆಯ ಚೂರು ಸಿಡಿದು ಮೂಗಿಗೆ ಬಿದ್ದರೂ ಕದಲಲಿಲ್ಲ, ಬಾಯಿ ಅರ್ಧ ತೆರೆದುಕೊಂಡೇ ಇತ್ತು.

ನನಗೆ ಒರಾಂಗುಟಾನ್ ಮರಿ ನೆನಪಾಯಿತು. ಕೆಲವು ತಿಂಗಳಿನಿಂದ ಸುಮಾತ್ರಾ, ಬೋರ್ನಿಯೋ ಕಾಡಿನ ಈ ದೊಡ್ಡ ವಾನರಗಳ ಬಗ್ಗೆಯೇ ಓದುತ್ತಿದ್ದೆ. ಮರಿ ಹೀಗೇ ತಾಯಿಯ ಬಾಯಿಯ ಹತ್ತಿರ ಮುಖ ಇಟ್ಟು, ಅವಳು ಏನು ತಿನ್ನುತ್ತಾಳೆ, ಸಿಪ್ಪೆ ಹೇಗೆ ತೆಗೆಯುತ್ತಾಳೆ ಅಂತ ಕಣ್ಣು ಮಿಟುಕಿಸದೆ ನೋಡುತ್ತದೆ. ಆಮೇಲೆ ತಾನೂ ಅದೇ ಎಲೆ ಕಿತ್ತು ನೋಡುತ್ತದೆ. ಮಂಗಗಳ ಹಾಗೆ ದೊಡ್ಡ ಗುಂಪು ಅವಕ್ಕಿಲ್ಲ. ಅಪ್ಪ ಜೊತೆಗಿರುವುದಿಲ್ಲ. ಆರೇಳು, ಎಂಟು ವರ್ಷ ಅಮ್ಮನೇ ಎಲ್ಲ. ಯಾವ ಮರದಲ್ಲಿ ಯಾವಾಗ ಹಣ್ಣು, ಯಾವ ತೊಗಟೆ ಕೆರೆದು ತಿನ್ನಬಹುದು, ಕೊಂಬೆ ಬಗ್ಗಿಸಿ ರಾತ್ರಿಗೆ ಹಾಸಿಗೆ ಕಟ್ಟುವುದು ಹೇಗೆ, ಎಲ್ಲ ಅವಳನ್ನು ನೋಡಿಯೇ ಬರಬೇಕು. ತಿನ್ನುವ ವಸ್ತುಗಳೇ 200ಕ್ಕಿಂತ ಜಾಸ್ತಿ! ಒಂದು ಮರಿಗೆ ಇಷ್ಟು ಕಲಿಸಬೇಕಾದ್ದರಿಂದಲೋ ಏನೋ, ಇನ್ನೊಂದು ಹುಟ್ಟುವುದು ಏಳೆಂಟು ವರ್ಷ ಕಳೆದ ಮೇಲೆ.

ಮನೆಗೆ ಬಂದು ಅಮ್ಮ ತೊಗಟೆಯನ್ನು ಓಮ, ಕರಿಮೆಣಸು, ಬೆಳ್ಳುಳ್ಳಿ ಜೊತೆ ಅರೆದು ಹಿಂಡಿದರು. ಕಾದ ಬೆಣಚುಕಲ್ಲು ಹಾಕಿದಾಗ ಚುಂಯ್ ಅಂದಿತು. ಆ ಕಹಿ ಕುಡಿದವರಿಗೇ ಗೊತ್ತು. ಮಗಳು ಮೂಗು ಹಿಡಿದುಕೊಂಡು ನುಂಗಿದಳು, ಕಣ್ಣಲ್ಲಿ ನೀರು.

ಮೆಂತೆ ಗಂಜಿ ಉಣ್ಣುವಾಗ ಇಬ್ಬರಿಗೂ ರಾಕುಸ್‌ನ ಕಥೆ ಹೇಳಿದೆ. ಸುಮಾತ್ರಾದ ಸುಆಕ್ ಬಲಿಂಬಿಂಗ್ ಕಾಡಿನ ಗಂಡು ಒರಾಂಗುಟಾನ್ ಅವನು. 2022ರ ಜೂನ್‌ನಲ್ಲಿ ಅವನ ಕಣ್ಣಿನ ಕೆಳಗೆ ದೊಡ್ಡ ಗಾಯ ಆಗಿತ್ತು. ಬಹುಶಃ ಇನ್ನೊಂದು ಗಂಡಿನ ಜೊತೆ ಜಗಳ. ಮೂರು ದಿನದ ಮೇಲೆ ಒಂದು ಬಳ್ಳಿಯ ಎಲೆ ಜಗಿದ, ನುಂಗಲಿಲ್ಲ. ರಸವನ್ನು ಬೆರಳಿನಿಂದ ಗಾಯಕ್ಕೆ ಹಚ್ಚಿದ, ಮತ್ತೆ ಮತ್ತೆ, ಏಳು ನಿಮಿಷ. ನೊಣ ಕೂತ ಮೇಲೆ ಜಗಿದ ಎಲೆಯನ್ನೇ ಗಾಯ ಮುಚ್ಚುವ ಹಾಗೆ ಮೆತ್ತಿಕೊಂಡ. ಐದು ದಿನದೊಳಗೆ ಗಾಯ ಕೂಡಿಕೊಂಡಿತ್ತು. ಅಲ್ಲಿನ ಜನ ಜ್ವರಕ್ಕೆ, ಮಲೇರಿಯಾಕ್ಕೆ ಬಳಸುವ ಬಳ್ಳಿಯಂತೆ ಅದು. ನಮ್ಮ ಅಮೃತಬಳ್ಳಿಯ ಕುಟುಂಬದ್ದೇ.

ಅಮ್ಮ ಗಂಜಿಯ ಚಮಚ ಕೆಳಗಿಟ್ಟರು. "ಹೌದಾ ಮಾರಾಯ್ತಿ! ಅದಕ್ಕೆ ಯಾರು ಹೇಳಿಕೊಟ್ಟದ್ದು?"

ಸಂಶೋಧಕರೂ ಕೇಳಿಕೊಂಡ ಪ್ರಶ್ನೆ ಅದೇ. ಆ ಜಾಗದಲ್ಲಿ 21 ವರ್ಷದಿಂದ ಒರಾಂಗುಟಾನ್‌ಗಳನ್ನು ನೋಡುತ್ತಿದ್ದರೂ ಬೇರೆ ಯಾವುದೂ ಹಾಗೆ ಮಾಡಿದ್ದು ಕಂಡಿರಲಿಲ್ಲ. ಎಲೆ ತಿನ್ನುವಾಗ ರಸದ ಬೆರಳು ಗಾಯಕ್ಕೆ ತಾಗಿ, ನೋವು ಕಡಿಮೆಯಾಗಿ ಗೊತ್ತಾಗಿರಬಹುದು. ಇಲ್ಲ, ಗಂಡುಗಳು ಬೆಳೆದ ಮೇಲೆ ಹುಟ್ಟಿದ ಜಾಗ ಬಿಟ್ಟು ಹೋಗುವುದರಿಂದ, ಅವನು ಹುಟ್ಟಿದ ಕಡೆ ಆ ರೂಢಿ ಇದ್ದಿರಲೂಬಹುದು.

"ತಾಯಿ ಸತ್ತ ಮರಿ ಏನು ಮಾಡ್ತದೆ?" ಮಗಳು ಕೇಳಿದಳು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಕಾಡು ಕಡಿದು ತಾಳೆ ತೋಟ ಮಾಡುವಾಗ, ಮರಿ ಹಿಡಿದು ಮಾರುವಾಗ, ಎಷ್ಟೋ ತಾಯಂದಿರನ್ನು ಕೊಂದಿದ್ದಾರೆ. ಉಳಿದ ಮರಿಗೆ ಹಾಲು, ಬಾಳೆಹಣ್ಣು ಕೊಟ್ಟರೆ ಮುಗಿಯುವುದಿಲ್ಲ. ಬೋರ್ನಿಯೋದಲ್ಲಿ ಅಂಥ ಮರಿಗಳಿಗೆ ಕಾಡಿನ ಶಾಲೆ ನಡೆಸುತ್ತಾರೆ. ಮನುಷ್ಯರೇ ಕರೆದುಕೊಂಡು ಹೋಗಿ ಮರ ಹತ್ತುವುದು, ಗೂಡು ಕಟ್ಟುವುದು ರೂಢಿ ಮಾಡಿಸಬೇಕು. ವರ್ಷಗಟ್ಟಲೆ ಹಿಡಿಯುತ್ತದೆ. ಅವಳು ಆಮೇಲೆ ಮಾತಾಡಲಿಲ್ಲ, ಅಜ್ಜಿಗೆ ಒರಗಿ ಕೂತಳು.

ಎರಡು ವಾರ ಕಳೆದು ಮಂಗಳೂರಿನ ಕದ್ರಿಯ ರಸ್ತೆ ಬದಿಯ ಒಂದು ಮರದ ಕೆಳಗೆ ಮಗಳು ನಿಂತಳು. ಬಿದ್ದ ಗೊಂಚಲು ಎತ್ತಿ, "ಇದರಲ್ಲಿ ಆರೇ ಎಲೆ ಉಂಟಲ್ಲ, ಇದು ಪಾಲೆ ಹೌದಾ?" ಅಂದಳು. ನನಗೆ ಖಚಿತ ಇರಲಿಲ್ಲ. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಫೋಟೋ ನೋಡಿ ಹೇಳ್ಲಿಕ್ಕೆ ಆಗುದಿಲ್ಲ. ಅವಳತ್ರ ಗೊಂಚಲು ಜೋಪಾನವಾಗಿ ಇಟ್ಟುಕೊಳ್ಲಿಕ್ಕೆ ಹೇಳು, ಬರುವಾಗ ತರಲಿ. ಮುಟ್ಟಿ ನೋಡುವ."