ನಗದಿ ದರ, ಉದ್ರಿ ದರ

ಬೆಳಗಾವಿಯ ರವಿವಾರ ಪೇಟೆಯ ಸಗಟು ಅಂಗಡಿಗಳಲ್ಲಿ ಒಂದೇ ಸಕ್ಕರೆ ಚೀಲಕ್ಕೆ ಎರಡು ದರಗಳಿರುವುದು ಅಲ್ಲಿ ವ್ಯವಹಾರ ಮಾಡುವ ಎಲ್ಲರಿಗೂ ಗೊತ್ತಿದೆ. ರೊಕ್ಕ ಎಣಿಸಿ ಚೀಲ ಒಯ್ಯುವ ಕಿರಾಣಿ ಅಂಗಡಿಯವನಿಗೆ ಒಂದು ದರ, ಖಾತೆಗೆ ಬರೆಸಿ ತಿಂಗಳೊಪ್ಪತ್ತಿಗೆ ತೀರಿಸುವವನಿಗೆ ಅದಕ್ಕಿಂತ ತುಸು ಹೆಚ್ಚಿನ ದರ. ಈ ಪೇಟೆಯ ಕೆಲವು ವರ್ತಕರ ಲೆಕ್ಕಪತ್ರ ನೋಡಿಕೊಳ್ಳುವ ನನಗೆ, ಕಡಿಮೆ ದರದ ದೊಡ್ಡ ಸರಣಿ ಅಂಗಡಿಗಳ ಪೈಪೋಟಿಯನ್ನು ಕುರಿತು ಓದುವಾಗಲೆಲ್ಲ ಈ ಎರಡು ದರಗಳೇ ನೆನಪಾಗುತ್ತವೆ. ಪತ್ರಿಕೆಗಳು ಆ ಪೈಪೋಟಿಯನ್ನು ಜಾಹೀರಾತು, ಹಬ್ಬದ ಕೊಡುಗೆ, ಒಂದಕ್ಕೊಂದು ಉಚಿತ ಎಂಬ ಫಲಕಗಳ ಮೂಲಕ ವಿವರಿಸುತ್ತವೆ. ಗಿರಾಕಿಗೆ ಕಾಣುವ ಆ ಬೆಲೆ ಬಹುಮಟ್ಟಿಗೆ ನಿರ್ಧಾರವಾಗುವುದು ಅಂಗಡಿಯ ಹಿಂಬಾಗಿಲಲ್ಲಿ, ಅಂದರೆ ಸರಕು ಇಳಿಸಿದವನಿಗೆ ಎಷ್ಟು ದಿನಕ್ಕೆ ಹಣ ಸಂದಾಯವಾಗುತ್ತದೆ ಎಂಬುದರಲ್ಲಿ, ಎಂಬುದು ನನ್ನ ಅಭಿಪ್ರಾಯ.

ಕಡಿಮೆ ದರದ ಸರಣಿ ಅಂಗಡಿ ಡಿಮಾರ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಷೇರು ಪೇಟೆಯಲ್ಲಿ ಹೆಸರು ಮಾಡಿದ್ದ ರಾಧಾಕಿಶನ್ ದಮಾನಿ ಅವರು 2002ರಲ್ಲಿ ಮುಂಬೈಯ ಪೊವಾಯಿಯಲ್ಲಿ ಇದರ ಮೊದಲ ಅಂಗಡಿ ತೆರೆದರು. ಸರಬರಾಜುದಾರರಿಗೆ ವಾರದ ಆಸುಪಾಸಿನಲ್ಲಿ ಹಣ ಪಾವತಿಸುವುದು ಈ ಕಂಪನಿಯ ರೂಢಿ. ತಂದ ಸರಕು ಖರ್ಚಾಗಲು ಸರಾಸರಿ ಒಂದು ತಿಂಗಳು ಹಿಡಿಯುತ್ತದೆಂದರೆ ಉಳಿದ ಮೂರು ವಾರ ಕಂಪನಿಯ ಸ್ವಂತ ಹಣವೇ ಕಪಾಟಿನಲ್ಲಿ ಕುಳಿತಿರುತ್ತದೆ. ಸರಬರಾಜುದಾರನ ಹಣದಲ್ಲೇ ವ್ಯಾಪಾರ ನಡೆಸುವುದನ್ನು ಜಾಣತನವೆಂದು ಕಲಿಸುವ ನಿರ್ವಹಣಾ ಪಾಠಗಳಿಗೆ ಇದು ವಿರುದ್ಧವಾಗಿ ಕಾಣಬಹುದು. ಆದರೆ ಲೆಕ್ಕ ಹಾಕಿ ನೋಡಿ. ಮೂರು ವಾರ ಮೊದಲೇ ಹಣ ಕೊಡುವುದಕ್ಕಾಗಿ ನೂರು ರೂಪಾಯಿಯ ಸರಕಿಗೆ ಎರಡು ರೂಪಾಯಿ ಸೋಡಿ ಸಿಕ್ಕಿತೆಂದು ಇಟ್ಟುಕೊಳ್ಳೋಣ. ವರ್ಷದಲ್ಲಿ ಅಂಥ ಮೂರು ವಾರಗಳು ಹದಿನೇಳು ಬಾರಿ ಬರುತ್ತವೆಯಾದ್ದರಿಂದ, ಆ ಹಣದ ಮೇಲೆ ವರ್ಷಕ್ಕೆ ಸುಮಾರು ಶೇ. 35ರಷ್ಟು ಗಳಿಸಿದಂತಾಯಿತು. ಯಾವ ಬ್ಯಾಂಕಿನ ಠೇವಣಿಯೂ ಇದರ ಸಮೀಪಕ್ಕೆ ಬರುವುದಿಲ್ಲ. ಹೀಗೆ ಸಿಕ್ಕ ಎರಡು ರೂಪಾಯಿಯಲ್ಲಿ ಬಹುಪಾಲನ್ನು ಗಿರಾಕಿಗೆ ಬಿಟ್ಟುಕೊಟ್ಟರೆ ಎಂಆರ್‌ಪಿಗಿಂತ ಕಡಿಮೆ ದರದ ಫಲಕ ವರ್ಷವಿಡೀ ನಿಲ್ಲುತ್ತದೆ, ಹಬ್ಬಕ್ಕೆಂದು ಕಾಯುವ ಅಗತ್ಯವಿರುವುದಿಲ್ಲ.

ಎರಡನೆಯ ಸಂಗತಿ ಕಟ್ಟಡ. ಡಿಮಾರ್ಟ್ ತನ್ನ ಬಹುತೇಕ ಅಂಗಡಿಗಳ ಜಾಗವನ್ನು ಕೊಂಡುಕೊಳ್ಳುತ್ತದೆ, ಇಲ್ಲವೇ ದೀರ್ಘಾವಧಿಯ ಗುತ್ತಿಗೆಗೆ ಪಡೆಯುತ್ತದೆ. ಮಾಲುಗಳಲ್ಲಿ ದುಬಾರಿ ಬಾಡಿಗೆಗೆ ಇಳಿಯುವುದು ಅದರ ಪದ್ಧತಿಯಲ್ಲ. ಇದರಿಂದ ಬೆಳವಣಿಗೆ ನಿಧಾನವಾಯಿತು: ಷೇರು ಪೇಟೆಗೆ ಬಂದ 2017ರ ಮಾರ್ಚ್ ಅಂತ್ಯಕ್ಕೆ, ಅಂದರೆ ಹದಿನೈದು ವರ್ಷಗಳಲ್ಲಿ, ಅದರ ಅಂಗಡಿಗಳು ಕೇವಲ 131, 2025ರ ಮಾರ್ಚ್‌ಗೆ 415. ಇದರ ಎದುರು ಚೆನ್ನೈಯಲ್ಲಿ 1997ರಲ್ಲಿ ಹುಟ್ಟಿದ ಸುಭಿಕ್ಷಾ ಎಂಬ ಸರಣಿಯನ್ನು ಇಟ್ಟು ನೋಡಬೇಕು. ಅದು ಹನ್ನೊಂದು ವರ್ಷಗಳಲ್ಲಿ 1,600 ಅಂಗಡಿಗಳವರೆಗೆ ಹಬ್ಬಿ, 2009ರ ಹೊತ್ತಿಗೆ ಸಂಬಳ ಕೊಡಲೂ ಹಣವಿಲ್ಲದೆ ಬಾಗಿಲು ಹಾಕಿತು. ಸುಭಿಕ್ಷಾದ ದರಗಳೇನೂ ದುಬಾರಿಯಾಗಿರಲಿಲ್ಲ. ಕೈಯಲ್ಲಿ ನಗದು ಇಲ್ಲದವನು ಕಡಿಮೆ ದರಕ್ಕೆ ಮಾರಲು ಹೊರಟರೆ ಮೊದಲು ಸರಬರಾಜು ನಿಲ್ಲುತ್ತದೆ, ಆಮೇಲೆ ಕಪಾಟು ಖಾಲಿಯಾಗುತ್ತದೆ, ಖಾಲಿ ಕಪಾಟು ನೋಡಿದ ಗಿರಾಕಿ ಮತ್ತೆ ಬರುವುದಿಲ್ಲ.

ಬಿಗ್ ಬಜಾರ್‌ನ ಕಥೆ ಇನ್ನೂ ವಿಚಿತ್ರವಾದುದು. ಕಿಶೋರ್ ಬಿಯಾನಿ ಅವರು 2001ರಲ್ಲಿ ಆರಂಭಿಸಿದ ಈ ಸರಣಿ, ಗಣರಾಜ್ಯೋತ್ಸವದ ರಜೆಯನ್ನು ದೇಶದ ದೊಡ್ಡ ಖರೀದಿಯ ದಿನವನ್ನಾಗಿ ಮಾಡಿತು; ಭಾರತೀಯ ಗಿರಾಕಿಯ ಮನಸ್ಸನ್ನು ಅವರಷ್ಟು ಬಲ್ಲವರು ಆಗ ಬೇರೆ ಯಾರೂ ಇರಲಿಲ್ಲವೆಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಸಾಲ ಬೆಳೆಯಿತು, ಕೊರೊನಾ ಕಾಲದಲ್ಲಿ ವಹಿವಾಟು ಕುಸಿಯಿತು. 2020ರ ಆಗಸ್ಟ್‌ನಲ್ಲಿ ವ್ಯಾಪಾರವನ್ನು ರಿಲಯನ್ಸ್‌ಗೆ 24,713 ಕೋಟಿ ರೂಪಾಯಿಗೆ ಮಾರುವ ಒಪ್ಪಂದವಾದಾಗ ಅಮೆಜಾನ್ ಅದನ್ನು ಕಾನೂನಿನ ಮೂಲಕ ತಡೆಯಿತು. ವ್ಯಾಜ್ಯ ನಡೆಯುತ್ತಿರುವಾಗಲೇ, ಬಿಗ್ ಬಜಾರ್‌ನ ಒಡೆತನದ ಫ್ಯೂಚರ್ ಸಮೂಹಕ್ಕೆ ಬಾಡಿಗೆ ಕಟ್ಟಲಾಗದ ಅನೇಕ ಮಳಿಗೆಗಳ ಗುತ್ತಿಗೆಯನ್ನು ರಿಲಯನ್ಸ್ ಮಾಲೀಕರಿಂದ ನೇರವಾಗಿ ತನ್ನ ಹೆಸರಿಗೆ ಮಾಡಿಸಿಕೊಂಡು ಅದೇ ಸಮೂಹಕ್ಕೆ ಒಳಬಾಡಿಗೆಗೆ ಕೊಟ್ಟಿತ್ತು. 2022ರ ಫೆಬ್ರವರಿಯಲ್ಲಿ ಆ ಒಳಬಾಡಿಗೆಗಳನ್ನು ರದ್ದುಪಡಿಸಿ ಮಳಿಗೆಗಳನ್ನು ವಶಕ್ಕೆ ತೆಗೆದುಕೊಂಡಿತು. ನ್ಯಾಯಾಲಯದಲ್ಲಿ ಯಾರ ವಾದಕ್ಕೆ ಜಯವೆಂಬುದು ತೀರ್ಮಾನವಾಗುವ ಮೊದಲೇ ಅಂಗಡಿಗಳು ಕೈ ಬದಲಾದವು. ದಮಾನಿ ಅವರು ಜಾಗ ಕೊಳ್ಳಲು ತೋರಿದ ತಾಳ್ಮೆಯನ್ನು ಅತಿಯಾದ ಎಚ್ಚರವೆಂದು ಟೀಕಿಸುತ್ತಿದ್ದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

ಅಮೆರಿಕದಲ್ಲಿ ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಮೂರೂ 1962ರಲ್ಲೇ ಮೊದಲ ಅಂಗಡಿ ತೆರೆದವು. ದೊಡ್ಡ ನಗರಗಳತ್ತ ಹೋದ ಕೆಮಾರ್ಟ್ 2002ರಲ್ಲಿ ದಿವಾಳಿ ಅರ್ಜಿ ಹಾಕಿತು. ಒಂದು ಗೋದಾಮಿನಿಂದ ಲಾರಿ ಒಂದು ದಿನದಲ್ಲಿ ತಲುಪುವಷ್ಟು ದೂರದೊಳಗೆ ಸಣ್ಣ ಊರುಗಳನ್ನು ಒಂದೊಂದಾಗಿ ತುಂಬುತ್ತ ಬಂದ ವಾಲ್‌ಮಾರ್ಟ್‌ನ ಸ್ಥಾಪಕ ಸ್ಯಾಮ್ ವಾಲ್ಟನ್ ಗೆದ್ದರು. ಅದೇ ವಾಲ್‌ಮಾರ್ಟ್ ಜರ್ಮನಿಯಲ್ಲಿ ಅಲ್ಲಲ್ಲಿ ಚದುರಿದ ಅಂಗಡಿಗಳನ್ನು ಕೊಂಡು, ಆಯ್ದ ಕೆಲವೇ ಸರಕುಗಳನ್ನು ಮಾರುವ ಆಲ್ಡಿಯಂಥವರ ಎದುರು ನಿಲ್ಲಲಾರದೆ 2006ರಲ್ಲಿ ಹಿಂದೆ ಸರಿಯಿತು. ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ, ಕೊಲ್ಹಾಪುರ ಮತ್ತು ಹುಬ್ಬಳ್ಳಿಗಳ ನಡುವೆ, ಗೋವೆಯ ದಾರಿಗೂ ಹೊಂದಿಕೊಂಡಿರುವ ಬೆಳಗಾವಿಯಂಥ ಊರು ಸರಣಿ ಅಂಗಡಿಗಳ ನಕಾಶೆಯಲ್ಲಿ ಬೇಗ ಗುರುತಾಗುವುದು ಈ ಲಾರಿಯ ಲೆಕ್ಕದಿಂದಲೇ ಹೊರತು ಇಲ್ಲಿನ ಜನಸಂಖ್ಯೆ ಒಂದರಿಂದಲೇ ಅಲ್ಲ.

ಈಗ ನಮ್ಮ ಕಿರಾಣಿ ಅಂಗಡಿಗಳ ವಿಷಯ. ದೊಡ್ಡ ಅಂಗಡಿ ಬಂದ ಮೇಲೆ ಸಣ್ಣ ಅಂಗಡಿಗೆ ಗಿರಾಕಿಗಳು ಕಡಿಮೆಯಾಗುತ್ತಾರೆ ಎನ್ನುವುದು ಅರ್ಧ ಸತ್ಯ. ನಾನು ನೋಡಿದ ಲೆಕ್ಕಗಳಲ್ಲಿ ಗಿರಾಕಿಗಳ ಸಂಖ್ಯೆಗಿಂತ ಅವರ ಬಗೆ ಹೆಚ್ಚು ಬದಲಾಗಿದೆ. ತಿಂಗಳ ಮೊದಲ ವಾರದಲ್ಲಿ ಸಂಬಳ ಪಡೆದು, ಯಾದಿ ಹಿಡಿದು ಬಂದು, ಎಣ್ಣೆ, ಸಾಬೂನು, ಚಹಾಪುಡಿಗಳನ್ನು ನಗದಿಗೆ ಒಯ್ಯುತ್ತಿದ್ದ ಮನೆಗಳು ಮೊದಲು ಹೊರಟುಹೋಗುತ್ತವೆ. ಉಳಿಯುವವರು ನಡುವೆ ಮುಗಿದ ಅರ್ಧ ಕಿಲೋ ಸಕ್ಕರೆಗೆ ಬರುವವರು ಮತ್ತು ಖಾತೆಗೆ ಬರೆಸುವವರು. ಸರಣಿ ಅಂಗಡಿ ಉದ್ರಿ ಕೊಡುವುದಿಲ್ಲ. ದಿನಗೂಲಿಯ ಮನೆಗೆ ಮಳೆಗಾಲದಲ್ಲಿ ಕೆಲಸ ತಪ್ಪಿದಾಗ ಜೋಳ, ಬೇಳೆ ಕೊಟ್ಟು ಕಾಯುವವನು ಓಣಿಯ ಅಂಗಡಿಯವನೇ. ಹೀಗಾಗಿ ಅಂಗಡಿಯವನ ಕೈಗೆ ಬರುವ ನಗದು ಇಳಿದು, ಹೊರಗಿನ ಬಾಕಿ ಏರುತ್ತದೆ. ನಿನ್ನೆಯವರೆಗೆ ರವಿವಾರ ಪೇಟೆಯಲ್ಲಿ ನಗದಿ ದರಕ್ಕೆ ಸರಕು ತರುತ್ತಿದ್ದವನು ಉದ್ರಿ ದರಕ್ಕೆ ಜಾರುತ್ತಾನೆ. ಅವನ ಖರೀದಿಯೇ ದುಬಾರಿಯಾದ ಮೇಲೆ ಉಳಿದಿದ್ದ ನಗದಿ ಗಿರಾಕಿಯನ್ನು ಹಿಡಿದಿಡುವುದು ಮತ್ತಷ್ಟು ಕಷ್ಟವಾಗುತ್ತದೆ. ಕಿರಾಣಿ ಅಂಗಡಿಯವರಿಗೆ ಹೊಸ ಫಲಕ, ಗಾಜಿನ ಕಪಾಟು, ಕಂಪ್ಯೂಟರ್ ಬಿಲ್ಲುಗಳ ಉಪದೇಶ ಮಾಡುವವರು ಈ ಸುಳಿಯ ಬಗ್ಗೆ ಮಾತನಾಡುವುದು ಅಪರೂಪ. ಫಲಕ ಬದಲಿಸಿದರೆ ಬಾಕಿ ವಸೂಲಾಗುವುದಿಲ್ಲ.

ಸಗಟಿನ ಕೊನೆಯಲ್ಲೂ ನೆಲ ಸರಿಯುತ್ತಿದೆ. ಸಣ್ಣ ವರ್ತಕರಿಗೆಂದೇ 2003ರಲ್ಲಿ ಬೆಂಗಳೂರಿನಿಂದ ಆರಂಭವಾಗಿದ್ದ ಜರ್ಮನಿಯ ಮೆಟ್ರೋ ಕಂಪನಿಯ ಭಾರತದ ವ್ಯಾಪಾರವನ್ನು ರಿಲಯನ್ಸ್ 2,850 ಕೋಟಿ ರೂಪಾಯಿಗೆ ಕೊಂಡು 2023ರಲ್ಲಿ ವಶಕ್ಕೆ ಪಡೆಯಿತು. ಕಿರಾಣಿ ಅಂಗಡಿಗೆ ಸರಕು ಕೊಡುವವನೂ ಅದರ ಗಿರಾಕಿಯನ್ನು ಸೆಳೆಯುವವನೂ ಒಬ್ಬನೇ ಆದಾಗ ಯಾರಿಗೆ ಯಾವ ದರ ಎಂಬ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

ಡಿಮಾರ್ಟ್‌ಗೂ ಚಿಂತೆಗಳಿವೆ. ಮಹಾನಗರಗಳ ತನ್ನ ದೊಡ್ಡ ಅಂಗಡಿಗಳ ಮೇಲೆ ಆನ್‌ಲೈನ್ ದಿನಸಿಯ ಪರಿಣಾಮ ಕಾಣುತ್ತಿದೆಯೆಂದು 2024ರ ಅಕ್ಟೋಬರ್‌ನಲ್ಲಿ ಕಂಪನಿಯೇ ಹೇಳಿತು; ಷೇರಿನ ಬೆಲೆ ಕೂಡಲೇ ಕುಸಿಯಿತು. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವವರು ಹೂಡಿಕೆದಾರರ ಹಣದಿಂದ ನಷ್ಟ ತುಂಬಿಕೊಳ್ಳುತ್ತ ನಡೆಯುತ್ತಿರುವಾಗ, ಸ್ವಂತ ಕಟ್ಟಡದ ಬಲ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಆದರೂ ಬೆಳಗಾವಿಯ ಮಟ್ಟಿಗೆ ನಾನು ಹೆಚ್ಚು ಗಮನವಿಟ್ಟು ನೋಡುತ್ತಿರುವುದು ಬೇರೆಯದನ್ನು. ಶಹಾಪುರ, ವಡಗಾವಿ ಭಾಗದ ಐದಾರು ಅಂಗಡಿಯವರು ಸೇರಿ ಒಂದೇ ಹೆಸರಿನಲ್ಲಿ ಖರೀದಿಸಿ, ಬಿಲ್ಲು ಬಂದ ವಾರದೊಳಗೆ ಪೂರ್ತಿ ಹಣ ಕೊಟ್ಟರೆ ಎಷ್ಟು ಸೋಡಿ ಬಿಡುವಿರೆಂದು ನನ್ನ ಪರಿಚಯದ ಸಗಟು ವರ್ತಕರೊಬ್ಬರನ್ನು ಕೇಳಿದೆ. ಅವರು ಮೊತ್ತವನ್ನು ಕೇಳಲಿಲ್ಲ, ಆ ಐವರಲ್ಲಿ ಒಬ್ಬ ತಪ್ಪಿದರೆ ಅವನ ಪಾಲನ್ನು ಯಾರು ಕಟ್ಟುತ್ತಾರೆಂದು ಕೇಳಿದರು. ಅದಕ್ಕೆ ಉತ್ತರ ಹೊಂದಿಸುವ ಒಂದು ಕರಾರು ಪತ್ರದ ಕರಡನ್ನು ಈಗ ಬರೆಯುತ್ತಿದ್ದೇನೆ.