ಹೋಳಿಗೆ ಕಣಕ ಬಲ್ಲ ಕೈಗೆ ಚೀನಾದ ಎಳೆದ ನೂಡಲ್ಸ್

ತುಮಕೂರಿನ ಗಾಡಿಗಳಲ್ಲಿ ಸಿಗುವ ನೂಡಲ್ಸ್ ಯಂತ್ರದಲ್ಲಿ ಕತ್ತರಿಸಿ ಒಣಗಿಸಿದ್ದು. ಕೈಯಲ್ಲಿ ಎಳೆದದ್ದರ ರುಚಿಯೇ ಬೇರೆ. ಅಂಚು ತೆಳು, ನಡು ದಪ್ಪ, ಒಂದೊಂದು ಎಳೆಯೂ ಹಲ್ಲಿಗೆ ಸಿಕ್ಕಾಗ ಸ್ವಲ್ಪ ತಡೆದು ಆಮೇಲೆ ಬಿಡುತ್ತದೆ. ಅದನ್ನು ಮನೆಯಲ್ಲೇ ಮಾಡಲು ಹೊರಟವರು ಸಾಮಾನ್ಯವಾಗಿ ಚೀನಾದ ಲಾಂಝೌ ನಗರದ ವಿಡಿಯೊ ನೋಡಿ ಶುರು ಮಾಡುತ್ತಾರೆ, ಅಲ್ಲೇ ಸೋಲುತ್ತಾರೆ.

ಗಾನ್ಸು ಪ್ರಾಂತ್ಯದ ಲಾಂಝೌದಲ್ಲಿ ಮಾಡುವುದು ಲಾಮಿಯಾನ್. 'ಲಾ' ಅಂದರೆ ಎಳೆ, 'ಮಿಯಾನ್' ಅಂದರೆ ಗೋಧಿ ಹಿಟ್ಟು ಮತ್ತು ಅದರ ನೂಡಲ್ಸ್. ಹಿಟ್ಟಿನ ಹಗ್ಗವನ್ನು ಎಳೆದು ಮಡಚುತ್ತಾ ಹೋದರೆ ಎಂಟನೇ ಮಡಿಕೆಗೆ 256 ಎಳೆಗಳಾಗುತ್ತವೆ. ಆ ಹಿಟ್ಟಿಗೆ ಪೆಂಗ್‌ಹುಯಿ ಎಂಬ ಕ್ಷಾರ ಬೀಳುತ್ತದೆ. ಹಿಂದೆ ಒಣನೆಲದ ಗಿಡ ಸುಟ್ಟು ತೆಗೆಯುತ್ತಿದ್ದ ಬೂದಿ ಅದು, ನಾವು ಹಪ್ಪಳಕ್ಕೆ ಪಾಪಡ್ ಖಾರ ಎಂಬ ಕ್ಷಾರ ಹಾಕಿದ ಹಾಗೆ. ಆ ಕ್ಷಾರವೂ ವರ್ಷಗಟ್ಟಲೆ ಪಳಗಿದ ಕೈಯೂ ಇಲ್ಲದೆ ಸಾಮಾನ್ಯ ಮೈದಾ ಅಷ್ಟು ಮಡಿಕೆ ತಾಳುವುದಿಲ್ಲ.

ಶುರು ಮಾಡಬೇಕಾದದ್ದು ಶಾನ್‌ಷಿ ಪ್ರಾಂತ್ಯದ ಬಿಯಾಂಗ್ ಬಿಯಾಂಗ್ ನೂಡಲ್ಸ್‌ನಿಂದ. ಬೆಲ್ಟಿನಷ್ಟು ಅಗಲದ ಪಟ್ಟಿ, ಕ್ಷಾರ ಬೇಡ, ಒಂದೊಂದಾಗಿ ಎಳೆದರೆ ಸಾಕು. ಹಿಟ್ಟನ್ನು ಕಟ್ಟೆಗೆ ಬಡಿಯುವ ಸದ್ದಿನಿಂದಲೇ ಆ ಹೆಸರು ಬಂತೆಂದು ಹೇಳುತ್ತಾರೆ.

ನಮ್ಮ ಕಡೆ ಹೋಳಿಗೆ ಮಾಡುವವರಿಗೆ ಇದರ ಅರ್ಧ ವಿದ್ಯೆ ಆಗಲೇ ಗೊತ್ತಿದೆ. ಕಣಕವನ್ನು ಎಣ್ಣೆಯಲ್ಲಿ ನೆನೆಯಲು ಬಿಡುವುದು ಯಾಕೆ? ಕಲಸಿದ ಕೂಡಲೇ ತಟ್ಟಿದರೆ ಅದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ನಾದಿದಾಗ ಬಿಗಿದ ಗ್ಲುಟೆನ್, ಅಂದರೆ ಗೋಧಿಯ ಅಂಟು ಪ್ರೋಟೀನ್, ಸಡಿಲವಾಗಲು ಹೊತ್ತು ಬೇಕು. ನೂಡಲ್ಸ್‌ನಲ್ಲೂ ಎಳೆಯುವ ಕೆಲಸ ಮಾಡುವುದು ತೋಳಿನ ಬಲವಲ್ಲ, ಆ ನೆನೆದ ಹೊತ್ತು. ಆದರೆ ಹೋಳಿಗೆ ಕಣಕದಷ್ಟು ಮೆತ್ತಗೆ ಕಲಸಬಾರದು. ಚಪಾತಿ ಹಿಟ್ಟಿಗಿಂತ ಒಂದು ಹದ ಗಟ್ಟಿಯೇ ಇರಲಿ.

ಮೂವರಿಗೆ ಮೈದಾ 300 ಗ್ರಾಂ, ನೀರು 150 ಗ್ರಾಂ, ಉಪ್ಪು 4 ಗ್ರಾಂ. ಲೋಟದ ಅಳತೆ ನಂಬಬೇಡಿ, ತಕ್ಕಡಿಯಲ್ಲೇ ತೂಗಿ. ನೀರು ತೀರಾ ಹೆಚ್ಚಾದರೆ ಪಟ್ಟಿ ತನ್ನ ಭಾರಕ್ಕೇ ಜೋತುಬಿದ್ದು ಹರಿಯುತ್ತದೆ. ಮೈದಾ ಪೊಟ್ಟಣದ ಹಿಂಭಾಗದಲ್ಲಿ 100 ಗ್ರಾಂಗೆ ಪ್ರೋಟೀನ್ ಎಷ್ಟೆಂದು ಬರೆದಿರುತ್ತದೆ. 10 ಗ್ರಾಂಗಿಂತ ಕಡಿಮೆ ಇದ್ದರೆ ಬಿಡಿ. ಅಂಥದ್ದೇ ಸಿಕ್ಕಿದರೆ ಮೈದಾದಲ್ಲಿ 100 ಗ್ರಾಂ ತೆಗೆದು ಅಷ್ಟೇ ಚಿರೋಟಿ ರವೆ ಹಾಕಿ, ಅರ್ಧ ಗಂಟೆ ಹೆಚ್ಚು ನೆನೆಸಿ. ಗಿರಣಿಯ ಗೋಧಿ ಹಿಟ್ಟು ಮಾತ್ರ ಬೇಡ. ಅದರ ತೌಡಿನ ಚೂರುಗಳು ಎಳೆಯನ್ನು ಒಳಗಿಂದಲೇ ಕೊಯ್ಯುತ್ತವೆ, ಎಳೆದಾಗ ತೂತು ಬೀಳುವುದು ಅಲ್ಲೇ.

ನೀರಿನ ವಿಷಯವನ್ನು ಯಾರೂ ಹೇಳುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಗ್ಲುಟೆನ್ನನ್ನು ಇನ್ನೂ ಬಿಗಿಮಾಡುತ್ತವೆ. ಆ ನೀರಿನಲ್ಲಿ ಕಲಸಿದರೆ ಒಂದು ಚಮಚ ನೀರು ಹೆಚ್ಚು, ಅರ್ಧ ಗಂಟೆ ನೆನೆಯುವ ಹೊತ್ತೂ ಹೆಚ್ಚು ಬೇಕು. ಶುದ್ಧ ನೀರಿನ ಘಟಕದ ಆರ್‌ಒ ನೀರಿನಲ್ಲಿ ಅದೇ ಹಿಟ್ಟು ಸ್ವಲ್ಪ ಅಂಟಂಟಾಗುತ್ತದೆ.

ಉಪ್ಪನ್ನು ನೀರಿನಲ್ಲಿ ಕರಗಿಸಿ, ಹಿಟ್ಟಿಗೆ ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ ಕಲಸಿ. ಮೊದಲು ಚೂರುಚೂರಾಗಿ ಒರಟಾಗಿರುತ್ತದೆ. ನೀರು ಸಾಲದೆಂದು ಅನಿಸುವುದು ಇಲ್ಲೇ, ಸೇರಿಸಬೇಡಿ. 15 ನಿಮಿಷ ಮುಚ್ಚಿಡಿ, ಐದು ನಿಮಿಷ ನಾದಿ, ಮತ್ತೆ 15 ನಿಮಿಷ ಮುಚ್ಚಿಡಿ, ಮತ್ತೆ ನಾದಿ. ಈಗ ಮೇಲ್ಮೈ ನುಣುಪಾಗಿ ಕಿವಿಯ ಹಾಲೆಯಷ್ಟು ಮೆತ್ತಗಾಗಿರುತ್ತದೆ. ಎಂಟು ಪಾಲು ಮಾಡಿ, ಒಂದೊಂದನ್ನೂ ಬೆರಳುದ್ದ ಹೊಸೆದು, ಮೈತುಂಬ ಎಣ್ಣೆ ಸವರಿ, ತಟ್ಟೆಯಲ್ಲಿ ಜೋಡಿಸಿ, ಗಾಳಿಯಾಡದಂತೆ ಮುಚ್ಚಿ. ಬೇಸಿಗೆಯಲ್ಲಿ ಒಂದು ಗಂಟೆ, ಚಳಿಗಾಲದಲ್ಲಿ ಎರಡು. ಅಡುಗೆಮನೆಯ ಫ್ಯಾನ್ ಆರಿಸಿ. ಮೇಲೆ ಒಣಗಿದ ಸಿಪ್ಪೆ ಕಟ್ಟಿದರೆ ಆ ಹಿಟ್ಟು ಆಮೇಲೆ ಏನು ಮಾಡಿದರೂ ಹರಿಯುತ್ತದೆ.

ಎಳೆಯುವ ಮೊದಲು ದೊಡ್ಡ ಪಾತ್ರೆಯಲ್ಲಿ ಮೂರು ಲೀಟರ್ ನೀರು ಕುದಿಯುತ್ತಿರಬೇಕು. ಎಳೆದ ಪಟ್ಟಿ ಕಾಯುವುದಿಲ್ಲ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ.

ಒಂದು ತುಂಡು ತೆಗೆದುಕೊಂಡು ಅಂಗೈಯಿಂದ ಒತ್ತಿ ನಾಲ್ಕು ಬೆರಳಗಲ ಚಪ್ಪಟೆ ಮಾಡಿ. ಪೆನ್ಸಿಲ್ ದಪ್ಪದ ಕಡ್ಡಿಯಿಂದ ಉದ್ದಕ್ಕೂ ನಡುವೆ ಆಳವಾದ ಗೀರು ಒತ್ತಿ, ತಳ ಮಾತ್ರ ಹರಿಯದಿರಲಿ. ಎರಡು ತುದಿಗಳನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಚೆನ್ನಾಗಿ ನೆನೆದಿದ್ದರೆ ಭುಜದಗಲ ತಾನಾಗಿ ಬರುತ್ತದೆ. ಅಲ್ಲಿಂದ ಎಳೆಯುವುದನ್ನು ನಿಲ್ಲಿಸಿ ಬಡಿಯಬೇಕು: ಕೈಗಳನ್ನು ಮೇಲೆ ಕೆಳಗೆ ಆಡಿಸುತ್ತಾ ಪಟ್ಟಿಯ ನಡುಭಾಗ ಗ್ರಾನೈಟ್ ಕಟ್ಟೆಗೆ ತಾಗುವಂತೆ. ಪ್ರತಿ ಬಡಿತಕ್ಕೂ ನಡು ಹಿಗ್ಗುತ್ತದೆ. ಎರಡು ಮೊಳ ಬಂದಾಗ ನಿಲ್ಲಿಸಿ, ಗೀರಿನ ಉದ್ದಕ್ಕೂ ಸೀಳಿ. ದೊಡ್ಡ ಬಳೆಯಂತೆ ಬಿಚ್ಚಿಕೊಳ್ಳುತ್ತದೆ. ತಕ್ಷಣ ಕುದಿಯುವ ನೀರಿಗೆ ಬಿಡಿ.

ರಬ್ಬರಿನ ಹಾಗೆ ಹಿಂದಕ್ಕೆ ಹೋದರೆ ನೆನೆದದ್ದು ಸಾಲದು, ಇನ್ನೂ ಇಪ್ಪತ್ತು ನಿಮಿಷ ಬಿಡಿ. ಹಾಗೆಂದು ಮತ್ತೆ ನಾದಿದರೆ ಬಿಗಿ ಮೊದಲಿನಷ್ಟೇ ಆಗುತ್ತದೆ, ಹೊತ್ತನ್ನೂ ಮೊದಲಿಂದ ಎಣಿಸಬೇಕು. ನಡುವೆ ತುಂಡಾದರೆ ನಾದಿದ್ದು ಸಾಲದು, ಇಲ್ಲವೇ ಹಿಟ್ಟೇ ದುರ್ಬಲ. ತುದಿಗಳು ಗಡ್ಡೆಯಂತೆ ಉಳಿದರೆ ಹಿಡಿತ ದೊಡ್ಡದಾಗಿದೆ. ಚಿವುಟಿ ತೆಗೆಯಿರಿ, ಬೇಯದೆ ಹಸಿಹಸಿಯಾಗಿ ಉಳಿಯುವುದು ಅವೇ.

ಎರಡು ಬಳೆಗಿಂತ ಹೆಚ್ಚು ಒಟ್ಟಿಗೆ ಬೇಯಿಸಬೇಡಿ. ತೇಲಿಬಂದ ಮೇಲೆ ಒಂದು ನಿಮಿಷ, ಅಷ್ಟೇ. ನೀರು ಸೋಸಿ ಬಟ್ಟಲಿಗೆ ಹಾಕಿ, ಅದರ ಮೇಲೆ ಎರಡು ಚಮಚ ಸೋಯಾ ಸಾಸ್. ಜೊತೆಗೆ ಚೀನಾದ ಕಪ್ಪು ವಿನೆಗರ್, ಅದು ಸಿಗದಿದ್ದರೆ ಅರ್ಧ ಚಮಚ ಬಿಳಿ ವಿನೆಗರ್, ಚಿಟಿಕೆ ಬೆಲ್ಲ. ಮೇಲೆ ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಈರುಳ್ಳಿ ಹೂ, ತರಿತರಿಯಾಗಿ ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ ಒಂದು ಚಮಚ, ಅದೇ ಕ್ರಮದಲ್ಲಿ. ನುಣ್ಣನೆಯ ಪುಡಿ ಹಾಕಿದರೆ ಸೀದು ಕಹಿಯಾಗುತ್ತದೆ. ಸಣ್ಣ ಬಾಣಲೆಯಲ್ಲಿ ಮೂರು ಚಮಚ ಕಡಲೆಕಾಯಿ ಎಣ್ಣೆ, ಮೊದಲ ಹೊಗೆ ಏಳುವವರೆಗೆ ಕಾಯಿಸಿ ಮೆಣಸಿನ ಗುಡ್ಡೆಯ ಮೇಲೇ ಸುರಿಯಿರಿ. ನಮ್ಮ ಒಗ್ಗರಣೆಯನ್ನು ತಿರುಗಿಸಿದ ಹಾಗೆ: ಸಾಮಾನು ಎಣ್ಣೆಗೆ ಹೋಗುವುದಿಲ್ಲ, ಎಣ್ಣೆಯೇ ಸಾಮಾನಿಗೆ ಬರುತ್ತದೆ. ಚೊಯ್ ಎನ್ನದಿದ್ದರೆ ಎಣ್ಣೆ ಕಾದಿಲ್ಲ, ಬೆಳ್ಳುಳ್ಳಿ ಹಸಿವಾಸನೆ ಹೊಡೆಯುತ್ತದೆ.

ಉಳಿದ ಹಿಟ್ಟು ಎಣ್ಣೆ ಸವರಿ ಫ್ರಿಜ್‌ನಲ್ಲಿಟ್ಟರೆ ಮಾರನೆಯ ದಿನಕ್ಕೂ ಆದೀತು. ಎಳೆಯುವ ಒಂದು ಗಂಟೆ ಮೊದಲು ಹೊರಗೆ ತೆಗೆದಿಡಿ, ತಣ್ಣಗಿದ್ದರೆ ಹರಿಯುತ್ತದೆ. ಬಣ್ಣ ಬೂದಿಯಾಗಿ ನೀರು ಬಿಟ್ಟಿದ್ದರೆ ಎಸೆದುಬಿಡಿ.